ದವನದ ಹುಣ್ಣಿಮೆಯ ಕಲ್ಲು

ಅಮೋಗಸಿದ್ದ ಕುರಿಗಳಿಲ್ಲದೆ ಊರಿಗೆ ಬಂದ. ದವನದ ಹುಣ್ಣಿಮೆ ಕಳೆದು ಎರಡು-ಮೂರು ದಿನವಾಗಿತ್ತು, ಬಿಸಿಲು ಏರಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ, ಹಿಂದೆ ನಾಯಿ. ಅಷ್ಟೇ. ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ಹೋದವನು ಹೀಗೆ ಒಬ್ಬನೇ ತಿರುಗಿ ಬಂದನೆಂದರೆ ಮನೆಯಲ್ಲಿ ಯಾರೋ ಸತ್ತಿರಬೇಕು, ಇಲ್ಲವೆ ಹಿಂಡೇ ಸತ್ತಿರಬೇಕು. ಬಿಳೂರಿನ ಅಗಸಿ ಬಾಗಿಲಲ್ಲಿ ಕುಳಿತವರು ಅವನನ್ನು ನೋಡಿ ಏಳಲಿಲ್ಲ, ಕರೆಯಲೂ ಇಲ್ಲ. ಅವನು ಓಣಿಯಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಚನ್ನವ್ವ ಅಂಗಳದಲ್ಲಿ ಕುಳಿತು ಉಣ್ಣೆ ಹಿಂಜುತ್ತಿದ್ದಳು. ಅವಳು ಅಮೋಗಸಿದ್ದನ ಅಣ್ಣ ಲಗಮಣ್ಣನ ಹೆಂಡತಿ. ಲಗಮಣ್ಣ ಸತ್ತು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿರಿಯರ ಮನೆಯ ನಡುವೆ ಒಂದು ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದರು. ಅಂಗಳ ಮಾತ್ರ ಒಂದೇ ಉಳಿದಿತ್ತು. ಅವಳ ಪಾಲಿನ ಕುರಿಗಳೂ ಮೈದುನನ ಕುರಿಗಳೂ ಒಂದೇ ಹಿಂಡಿನಲ್ಲಿ ಮೇಯುತ್ತಿದ್ದವು. ಮೇಯಿಸುವವನು ಅವನು.

"ಕುರಿ ಎಲ್ಲಿ?" ಎಂದಳು ಚನ್ನವ್ವ.

"ಹ್ವಾದ್ವು, ವೈನಿ."

"ಹ್ವಾದ್ವು ಅಂದ್ರ?"

"ವಳಸಂಗದ ಆಚಿ ಕಡಿ ಇದ್ದೆ. ಹುಣ್ಣಿಮಿ ದಿನಾ ಹೊತ್ತ ಇಳಿಯೂ ಮುಂದ ಆಣಿಕಲ್ಲ ಬಿದ್ವು. ಲಿಂಬಿಕಾಯಿ ಅಂಥಾವು. ತಲಿಮ್ಯಾಲ ಬಡಕೊಂಡ ಎಲ್ಲಾ ಸತ್ತು. ನಿನ್ನವೂ, ನನ್ನವೂ."

ಒಳಗಿನಿಂದ ಅವನ ಹೆಂಡತಿ ದುಂಡವ್ವ ಓಡಿ ಬಂದು ಬಾಯಿ ಬಡಿದುಕೊಂಡಳು. ಚನ್ನವ್ವನಿಗೆ ಅಳು ಬರಲಿಲ್ಲ. ಅವಳು ಹುಣ್ಣಿಮೆಯ ದಿನವನ್ನು ನೆನಪು ಮಾಡಿಕೊಳ್ಳುತ್ತಿದ್ದಳು. ಅವತ್ತು ಬಿಳೂರಿನಲ್ಲಿ ಎಲೆ ಅಲುಗಿರಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಸಂಜೆ ಬುಟ್ಟಿಗೆ ತುಂಬುವಾಗಲೂ ಕೈಗೆ ಬಿಸಿ ಹತ್ತುತ್ತಿತ್ತು. ಆಕಾಶದಲ್ಲಿ ಅಂಗೈಯಗಲದ ಮೋಡವಿರಲಿಲ್ಲ.

"ಯಾವ ದಿನಾ ಅಂದಿ?"

"ದವನದ ಹುಣ್ಣಿಮಿ."

"ನಿಮ್ಮಣ್ಣ ಸತ್ತ ದಿನಾ."

"ಹೌದು."

"ನಿನಗ ಬ್ಯಾರೆ ದಿನಾ ಸಿಗಲಿಲ್ಲೇನೊ?"

ಅಮೋಗಸಿದ್ದ ತಲೆಯೆತ್ತಿ ಒಮ್ಮೆ ಅವಳನ್ನು ನೋಡಿದ. ಬಡಿಗೆಯನ್ನು ಗೋಡೆಗೆ ಆನಿಸಿ ಒಳಗೆ ಹೋದ.

ಆರು ವರ್ಷದ ಹಿಂದಿನ ಮಾತು. ಜತ್ತದ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಬೇಸಿಗೆ ಅದು. ದವನದ ಹುಣ್ಣಿಮೆಯ ಹಿಂದಿನ ಸಂಜೆ ಅಣ್ಣ ತಮ್ಮ ಇಬ್ಬರೂ ಕುರಿದಡ್ಡಿಯ ಬಾಗಿಲಲ್ಲಿ ಜಗಳಾಡಿದ್ದರು. ತಮ್ಮನಿಗೆ ತನ್ನ ಪಾಲಿನ ಕುರಿ ಬೇರೆ ಬೇಕಾಗಿತ್ತು. ಅಣ್ಣ ಇನ್ನೊಂದು ಮಳೆಗಾಲ ಹೋಗಲಿ ಎನ್ನುತ್ತಿದ್ದ. "ನೀ ಇರೂತನಾ ನನ್ನ ಪಾಲ ನನಗ ಸಿಗೂದಿಲ್ಲ" ಎಂದು ಅಮೋಗಸಿದ್ದ ಕೂಗಿದ್ದನ್ನು ಅರ್ಧ ಓಣಿ ಕೇಳಿತ್ತು. ಮರುದಿನ ಮುಂಜಾನೆ ಇಬ್ಬರೂ ಒಬ್ಬರಿಗೊಬ್ಬರು ಮಾತಾಡದೆ ಕುರಿ ಹೊಡೆದುಕೊಂಡು ಊರಾಚೆಯ ಮರಡಿಗೆ ಹೋದರು. ಗರಸು ಮಣ್ಣಿನ ಬೋಳು ದಿನ್ನೆ, ನಾಲ್ಕು ಕುರುಚಲು ಗಿಡ ಬಿಟ್ಟರೆ ಅಲ್ಲಿ ಏನೂ ಇಲ್ಲ. ಮಧ್ಯಾಹ್ನ ಗುಡುಗಿತು, ಧೂಳೆದ್ದಿತು. ಊರಲ್ಲಿ ಒಂದು ಹನಿ ಬೀಳಲಿಲ್ಲ. ಹೊತ್ತು ಮುಳುಗುವ ಮುಂಚೆ ಅಮೋಗಸಿದ್ದ ಅಣ್ಣನನ್ನು ಬೆನ್ನ ಮೇಲೆ ಹೊತ್ತು ತಂದ, ಕುಂಟ ಕುರಿಯನ್ನು ತರುವ ಹಾಗೆ.

"ಸಿಡ್ಲ ಬಡೀತು" ಎಂದ. ಲಗಮಣ್ಣನ ಕಂಬಳಿಯ ಅಂಚು ಸುಟ್ಟಿತ್ತು. ಗುಡುಗನ್ನು ಎಲ್ಲರೂ ಕೇಳಿದ್ದರು. ಯಾರೂ ಎರಡನೆಯ ಮಾತು ಕೇಳಲಿಲ್ಲ.

ಹೆಣ ಮೀಯಿಸುವಾಗ ಚನ್ನವ್ವನ ಬೆರಳಿಗೆ ಗಂಡನ ಹಿಂತಲೆಯಲ್ಲಿ ಒಂದು ತಗ್ಗು ಸಿಕ್ಕಿತು. ಕೂದಲು ಸರಿಸಿ ನೋಡಿದಳು. ಒಂದು ಲಿಂಬೆಕಾಯಿ ಕೂಡುವಷ್ಟು ತಗ್ಗು. ಸುತ್ತ ನೇರಳೆ ಬಣ್ಣ. ಮೈ ತುಂಬ ಹುಡುಕಿದಳು, ಎಲ್ಲಿಯೂ ಸುಟ್ಟ ಗುರುತಿರಲಿಲ್ಲ. ಸಿಡಿಲು ಕಂಬಳಿಯನ್ನಷ್ಟೇ ಸುಟ್ಟು ಮನುಷ್ಯನನ್ನು ಬಿಡುತ್ತದೆಯೆ? ಕಂಬಳಿಯನ್ನು ಮೂಸಿದಳು. ಕುಳ್ಳಿನ ಬೆಂಕಿಯ ವಾಸನೆ ಬಂತು.

ಕಲ್ಲೇಟು, ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ತನ್ನ ಕುರಿ ಕಾಯುವವರು ಯಾರು? ಹೇಳಿದ ಮೇಲೆ ಆ ಅಂಗಳದಲ್ಲಿ ಬಾಳುವುದು ಹೇಗೆ? ಮೇಲಾಗಿ, ಪಾಲಿಗಾಗಿ ಕೂಗಾಡಿದ್ದ ಮೈದುನ ಅಣ್ಣನ ದಿನಕರ್ಮ ಮುಗಿದ ಕೂಡಲೇ ತಾನಾಗಿಯೇ ಹಿಂಡನ್ನು ಅರ್ಧ ಮಾಡಿ, "ಇವು ನಿನ್ನವು, ವೈನಿ, ಗುರುತ ಹಾಕ್ಕೊ" ಎಂದಿದ್ದ. ಅವಳು ತನ್ನ ಕುರಿಗಳ ಎಡಗಿವಿಯ ತುದಿಯನ್ನು ಸೀಳಿದಳು. ಅವನು ತನ್ನವುಗಳ ಎಡಗಿವಿಯ ತುದಿಯನ್ನೇ ಕತ್ತರಿಸಿದ. ಅಷ್ಟು ಸುಲಭವಾಗಿ ಪಾಲು ಕೊಟ್ಟದ್ದೂ ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ತಪ್ಪಿಲ್ಲದವನು ಇಷ್ಟು ಮೆತ್ತಗಾಗುತ್ತಾನೆಯೆ?

ಅಂದಿನಿಂದ ಅವನು ಮಾತಾಡುವಾಗ ಅವಳು ಅವನ ಮುಖಕ್ಕಿಂತ ಕೈಗಳನ್ನೇ ನೋಡುತ್ತಿದ್ದಳು. ಹಬ್ಬದ ದಿನ ದುಂಡವ್ವ ಹೋಳಿಗೆ ಕೊಟ್ಟರೆ, ಅವಳು ತಿಂದ ಮೇಲೆ ತಾನು ತಿನ್ನುತ್ತಿದ್ದಳು. ಪ್ರತಿವರ್ಷ ದವನದ ಹುಣ್ಣಿಮೆ ಬರುವ ಮೊದಲೇ ಅಮೋಗಸಿದ್ದ ಹಿಂಡು ಹೊಡೆದುಕೊಂಡು ದೂರ ಹೋಗಿಬಿಡುತ್ತಿದ್ದ. ಅದನ್ನೂ ಅವಳು ಗಮನದಲ್ಲಿಟ್ಟಿದ್ದಳು.

ಈಗ ಎರಡನೆಯ ಸಲ ಅದೇ ಹುಣ್ಣಿಮೆ, ಊರಿನವರಾರೂ ಕಾಣದ ಅದೇ ಬಿರುಗಾಳಿ. ಕಂಡವನು ಮತ್ತೆ ಅವನೊಬ್ಬನೇ.

ಮರುದಿನ ಚನ್ನವ್ವ ನೀರಿಗೆ ಹೋದಾಗ ಬಾವಿಯ ಹತ್ತಿರದ ಕಟ್ಟೆಯ ಮೇಲೆ ಮುದುಕ ಧೂಳಪ್ಪ ಮಾತಾಡುತ್ತಿದ್ದ. ಸುತ್ತ ನಾಲ್ಕಾರು ಜನ. ಅವಳು ಬಂದದ್ದನ್ನು ಕಂಡೂ ದನಿ ಇಳಿಸಲಿಲ್ಲ.

"ದವನದ ಹುಣ್ಣಿಮಿ ಅಂದ್ರ ಚಲೋ ದಿನಾ ಅಲ್ಲಪಾ. ನಮ್ಮಜ್ಜ ಹೇಳತಿದ್ದ, ಅವನ ಕಾಲದಾಗ ಅದ ಹುಣ್ಣಿಮಿಗಿ ಕೆಂಪ ಧೂಳ ಎದ್ದು ಹಗಲ ಹೊತ್ತಿನ್ಯಾಗ ದೀಪಾ ಹಚ್ಚಿದ್ರಂತ. ಪ್ಲೇಗ ಬಂದ ವರ್ಷ ಅದ ದಿನಾ ಗಾಣದ ಮ್ಯಾಲ ಸಿಡ್ಲ ಬಿದ್ದು ಎತ್ತ ಸತ್ತು. ನಾ ಸಣ್ಣಾಂವ ಇದ್ದಾಗ ಮ್ಯಾಲ ಎಲ್ಲೋ ಮಳಿಯಾಗಿ ಒಣಾ ಹಳ್ಳದಾಗ ಒಮ್ಮಿಂದೊಮ್ಮೆ ನೀರ ಬಂದು ಎರಡ ಬಂಡಿ ಒಯ್ದಿತ್ತ. ಅದೂ ದವನದ ಹುಣ್ಣಿಮಿನ. ಲಗಮಣ್ಣಂದ ನಿಮಗ ಗೊತ್ತ ಐತಿ."

"ಹಂಗಾರ ಅಮೋಗಸಿದ್ದ ಹೇಳೂದು ಖರೆ ಅಂತೀರೇನು?" ಎಂದು ಯಾರೋ ಕೇಳಿದರು.

ಧೂಳಪ್ಪ ಎಲೆಯಡಿಕೆ ಉಗುಳಿದ. "ನಾ ಎಲ್ಲಿ ಅಂದೆ? ಇಂಥಾ ಹುಣ್ಣಿಮಿ ಮ್ಯಾಲ ಯಾರ ಏನ ಹಾಕಿದ್ರೂ ಹೊರತೈತಿ. ಅದಕ್ಕ ಬಾಯಿ ಇಲ್ಲ."

ಎಲ್ಲರೂ ನಕ್ಕರು. ಚನ್ನವ್ವ ಕೊಡ ಎತ್ತಿಕೊಂಡು ಬಂದಳು. ದಾರಿಯುದ್ದಕ್ಕೂ ಆ ಮಾತು ಅವಳ ಕಿವಿಯಲ್ಲಿತ್ತು. ಊರಿಗೂ ಅನುಮಾನವಿದೆ. ತನಗೊಬ್ಬಳಿಗೇ ಅಲ್ಲ.

ಮನೆಗೆ ಬಂದು ರೊಟ್ಟಿ ಬಡಿದಳು. ಖಾರ, ಉಳ್ಳಾಗಡ್ಡಿ ಇಟ್ಟು ಗಂಟು ಕಟ್ಟಿದಳು. ದುಂಡವ್ವ ಗೋಡೆಯ ಆಚೆಯಿಂದ ಇಣುಕಿ, "ಎಲ್ಲಿಗಿ ಅಕ್ಕಾ?" ಎಂದಳು.

"ನಾಳಿ ಜತ್ತಕ್ಕ ಹೋಗಬೇಕು. ಕಣ್ಣಿಗಿ ಔಷಧ ತರಬೇಕು."

ಬಂದ ದಿನದಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅಮೋಗಸಿದ್ದ ಎದ್ದು ಹೊಸ್ತಿಲಿಗೆ ಬಂದ. "ವೈನಿ, ಬಿಸಲ ಭಾಳ ಐತಿ. ವಳಸಂಗದ ಕಡಿ ಈಗ ಏನೂ ಉಳಿದಿಲ್ಲ. ಸತ್ತದ್ದನ್ನ ಆಜೂಬಾಜೂದವರು ಒಯ್ದರು. ಉಳಿದದ್ದು ಮಣ್ಣ ಮಾಡೀನಿ."

"ನಾ ವಳಸಂಗಕ್ಕ ಹೊಂಟೀನಂತ ನಿನಗ ಯಾರ ಹೇಳಿದ್ರು?"

ಅವನು ಒಳಗೆ ಸರಿದುಕೊಂಡ. ಹೋಗಬೇಕೋ ಬೇಡವೋ ಎಂದು ಅವಳಿಗಿದ್ದ ಸ್ವಲ್ಪ ಅಳುಕೂ ಅವನ ಆ ಮಾತಿನಿಂದ ಹೋಯಿತು.

ಬೆಳಕು ಹರಿಯುತ್ತಲೇ ಬಿಟ್ಟಳು. ಜತ್ತ ಮುಟ್ಟಿ, ಅಲ್ಲಿಂದ ಜೋಳದ ಚೀಲ ಹೇರಿಕೊಂಡು ಹೊರಟಿದ್ದ ಒಂದು ಬಂಡಿಯ ಹಿಂದೆ ಹಿಂದೆ ನಡೆದು, ಸಂಜೆಗೆ ವಳಸಂಗದ ಗುಡಿಯಲ್ಲಿ ಇಳಿದುಕೊಂಡಳು. ಅಲ್ಲಿನ ಹೆಂಗಸರನ್ನು ಕೇಳಿದಳು.

"ನಮ್ಮೂರಾಗ ನಾಕ ಹನಿ ಹಾಕಿತಷ್ಟ ನೋಡವ್ವ" ಎಂದಳು ಒಬ್ಬಳು. "ಆ ಕಡಿ ವಸ್ತಿಯೊಳಗ ಏನೋ ಆಗೇತಂತ ಅಂತಾರ. ನಾವೇನ ಕಣ್ಣೀಲೆ ನೋಡಿಲ್ಲ."

ಅಂತಾರಂತೆ. ಚನ್ನವ್ವನಿಗೆ ಒಳಗೊಳಗೇ ಸಮಾಧಾನವೇ ಆಯಿತು. ತಾನು ಯಾಕೆ ಇಷ್ಟು ದೂರ ನಡೆದು ಬಂದಿದ್ದೇನೆಂಬುದು ಅವಳಿಗೆ ಆಗ ತಿಳಿಯಿತು. ಕುರಿಗಾಗಿ ಅಲ್ಲ. ಅಮೋಗಸಿದ್ದನ ಮಾತು ಸುಳ್ಳಾಗಬೇಕಾಗಿತ್ತು. ಈ ಹುಣ್ಣಿಮೆಯದು ಸುಳ್ಳೆಂದು ಸಿಕ್ಕರೆ ಆ ಹುಣ್ಣಿಮೆಯದೂ ಸುಳ್ಳು. ಆಮೇಲೆ ಊರ ಮುಂದೆ ನಿಂತು ಬಾಯಿಬಿಟ್ಟು ಹೇಳಬಹುದು.

ಮುಂಜಾನೆ ವಳಸಂಗ ಬಿಟ್ಟು ಹೊಲದ ದಾರಿ ಹಿಡಿದಳು. ಎರಡೂ ಕಡೆ ಬೇವಿನ ಮರಗಳು ಹೊಸ ಚಿಗುರು ಹೊತ್ತು ನಿಂತಿದ್ದವು. ಹೂವಿನ ವಾಸನೆ ಬರುತ್ತಿತ್ತು. ಗಾಳಿಗೆ ಮುರಿದ ಒಂದು ಟೊಂಗೆಯೂ ಕಾಣಲಿಲ್ಲ. ಹೆಜ್ಜೆ ಹೆಜ್ಜೆಗೂ ಅವಳ ಅನುಮಾನ ಗಟ್ಟಿಯಾಗುತ್ತ ಹೋಯಿತು. ಒಂದು ಒಣ ಹಳ್ಳ ಇಳಿದು ಆಚೆ ದಂಡೆ ಹತ್ತಿದಳು. ಹತ್ತಿದವಳು ನಿಂತುಬಿಟ್ಟಳು.

ಆಚೆ ಕಡೆ ಒಂದು ಮರಕ್ಕೂ ಎಲೆಯಿರಲಿಲ್ಲ. ಬೇವು, ಜಾಲಿ, ಹುಣಸೆ, ಎಲ್ಲ ಮಾಗಿಯಲ್ಲಿ ಒಣಗಿದವುಗಳ ಹಾಗೆ ಬರಿ ಕೊಂಬೆಗಳಾಗಿ ನಿಂತಿದ್ದವು. ಪಡುವಣ ಮಗ್ಗುಲಿನ ತೊಗಟೆ ಕಿತ್ತು ಬಿಳಿ ಮರ ಕಾಣುತ್ತಿತ್ತು. ಬೇಲಿಯ ಪಾಪಸುಕಳ್ಳಿಯ ದಪ್ಪ ಹಾಳೆಗಳಲ್ಲಿ ತೂತು ಬಿದ್ದಿದ್ದವು. ನೆಲದ ಮೇಲೆ ಉದುರಿದ ಎಲೆ ಒಣಗಿ ಕಾಲಡಿ ಸದ್ದು ಮಾಡುತ್ತಿತ್ತು. ಅದರ ನಡುವೆ ಸತ್ತ ಗಿಳಿ, ಸತ್ತ ಗೊರವಂಕ. ಹಳ್ಳದ ದಂಡೆಯ ಮೇಲೇ ಇದ್ದ ಒಂದು ಬೇವಿನ ಮರ ಅರ್ಧ ಹಸಿರಾಗಿತ್ತು, ಅರ್ಧ ಬೋಳಾಗಿತ್ತು. ಯಾರೋ ಆಕಾಶದಿಂದ ಗೆರೆ ಎಳೆದು, ಇತ್ತ ಬೇಡ, ಅತ್ತ ಮಾತ್ರ ಎಂದು ಹೊಡೆದ ಹಾಗಿತ್ತು.

ಚನ್ನವ್ವ ಹಿಂದೆ ತಿರುಗಿ ನೋಡಿದಳು. ಆಚೆ ದಂಡೆಯಲ್ಲಿ ಚಿಗುರು ಹಾಗೇ ಇತ್ತು. ಅಲ್ಲಿಯೇ ಕುಳಿತು ರೊಟ್ಟಿಯ ಗಂಟು ಬಿಚ್ಚಿದಳು. ಆದರೆ ತಿನ್ನಲಾಗಲಿಲ್ಲ.

ಸ್ವಲ್ಪ ದೂರದಲ್ಲಿ ಹೊಲದ ನಡುವೆ ಒಂದು ವಸ್ತಿ ಕಂಡಿತು. ಮಣ್ಣಿನ ಮಾಳಿಗೆಯ ಒಂಟಿ ಮನೆ, ಮುಂದೆ ದನದ ಚಪ್ಪರ. ಚಪ್ಪರದ ಮೇಲಿನ ಜೋಳದ ಸೊಪ್ಪೆ ಹರಿದು ಚಿಂದಿಯಾಗಿತ್ತು. ಹಣೆಗೆ ವಿಭೂತಿ ಹಚ್ಚಿದ ಒಬ್ಬ ಮುದುಕಿ ಒಡೆದ ಹರವಿಯ ಚೂರುಗಳನ್ನು ಗುಡಿಸುತ್ತಿದ್ದಳು. ಸಂಗವ್ವ ಅವಳ ಹೆಸರು. ಚನ್ನವ್ವ ಯಾರೆಂದು ಹೇಳಿಕೊಳ್ಳಲಿಲ್ಲ. ದಾರಿಹೋಕಳ ಹಾಗೆ ನೀರು ಕೇಳಿದಳು.

"ಬಾ ತಂಗಿ, ಕುಂದರ. ಬಿಸಲಾಗ ಬಂದೀದಿ." ಸಂಗವ್ವ ನೀರು, ಬೆಲ್ಲ ತಂದುಕೊಟ್ಟಳು. ಕೇಳುವ ಮೊದಲೇ ಹೇಳತೊಡಗಿದಳು. "ನೋಡಿದೇನ ನಮ್ಮ ಗತಿ? ಹುಣ್ಣಿಮಿ ದಿನಾ ನೋಡು. ಮಧ್ಯಾಹ್ನ ಊಟಾ ಮಾಡಿ ಕುಂತಿದ್ದಿವಿ. ಪಡುವಣ ಕಡಿಂದ ಹಸರ ಬಣ್ಣದ ಮೋಡ ಬಂತು. ಹಸರಂದ್ರ ಪಾಚಿ ಹಸರು. ನಾ ಹುಟ್ಟಿದಾಗಿಂದ ಅಂಥಾ ಮೋಡ ನೋಡಿಲ್ಲ. ಬಂಡಿ ಹಾಸಗಲ್ಲಿನ ಮ್ಯಾಲ ಓಡಿಧಂಗ ಸಪ್ಪಳಾತು. ಆಮ್ಯಾಲ ಸುರದ್ವು ನೋಡು ಕಲ್ಲು! ನಮ್ಮ ಹೊಲದಾಗ ಗೊಬ್ಬರಕ್ಕಂತ ಬಿಳೂರ ಕಡೀದೊಂದು ಕುರಿ ಹಿಂಡ ನಿಂತಿತ್ತ. ಪಾಪ, ಕುರಿ ಒದರೂದು ಕೇಳಿದೆ, ಕಡೀಕ ಒದರೂದು ನಿಂತಿದ್ದೂ ಕೇಳಿದೆ."

"ಒಂದೂ ಉಳೀಲಿಲ್ಲೇನ್ರಿ?"

"ಏಳೆಂಟ ಉಳದಾವ. ಹಳ್ಳದ ದಂಡಿ ಕೊರಕಲದಾಗ ಹೊಕ್ಕಿದ್ವು. ಕಾಲ ಮುರದಾವ. ನಡ್ಯಾಕ ಬರೂದಿಲ್ಲಂತ ಇಲ್ಲೇ ಬಿಟ್ಟ ಹೋಗ್ಯಾನ. ಆ ಕುರಿಯಾಂವ ಭಾಳ ಅತ್ತಾ ತಂಗಿ. ಅವರ ವೈನಿವು ಒಂದೂ ಉಳೀಲಿಲ್ಲಂತ. ತನ್ನವಷ್ಟ ಉಳದಾವಂತ."

ಚನ್ನವ್ವ ತಂಬಿಗೆ ಕೆಳಗಿಟ್ಟಳು. "ಎಲ್ಲಿ ಅದಾವ್ರಿ?"

ಮನೆಯ ಹಿಂದೆ ಗೋಡೆಯ ನೆರಳಿನಲ್ಲಿ ಕುರಿಗಳು ಮಲಗಿದ್ದವು. ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿದ ಕಾಲುಗಳು. ಅವಳು ಹತ್ತಿರ ಹೋಗುತ್ತಲೇ ಕಪ್ಪು ಮೂತಿಯ ಒಂದು ಕುರಿ ಕತ್ತೆತ್ತಿ ಕೂಗಿತು. ಮೂರು ವರ್ಷದ ಹಿಂದೆ ಮರಿಯಿದ್ದಾಗ ಅದರ ತಾಯಿ ಸತ್ತು, ಚನ್ನವ್ವ ಅದಕ್ಕೆ ಬಟ್ಟೆಯ ಬತ್ತಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಕುರಿಗೆ ಮನುಷ್ಯರ ಗುರುತು ಹತ್ತುತ್ತದೆ. ಎಡಗಿವಿ ಹಿಡಿದು ನೋಡಿದಳು. ತಾನು ಸೀಳಿದ ತುದಿ ಇರಲಿಲ್ಲ. ಅಷ್ಟೂ ತುದಿ ಕತ್ತರಿಸಿಹೋಗಿತ್ತು, ಮೇಲೆ ಅರಿಸಿನ ಹಚ್ಚಿತ್ತು, ಗಾಯ ಇನ್ನೂ ಹಸಿಯಾಗಿತ್ತು. ಎರಡನೆಯದರ ಕಿವಿ, ಮೂರನೆಯದರ ಕಿವಿ, ಎಲ್ಲವೂ ಹಾಗೇ.

ಸೀಳಿದ ತುದಿಯನ್ನು ಕತ್ತರಿಸಿಬಿಟ್ಟರೆ ಅವಳ ಕುರಿ ಅವನದಾಗುತ್ತದೆ. ಎಷ್ಟು ಸುಲಭ.

"ಇವು ನನ್ನವು, ಅವ್ವಾರ" ಎಂದಳು. "ಆ ವೈನಿ ನಾನ."

ಸಂಗವ್ವ ಬಾಯಿಗೆ ಸೆರಗು ಹಿಡಿದು ನಿಂತಳು. ಹೀಗಾಗಿ ಅಮೋಗಸಿದ್ದ ಹೇಳಿದ ಆಣೆಕಲ್ಲು ಖರೆಯಾಗಿತ್ತು, ಅಮೋಗಸಿದ್ದ ಕಳ್ಳನೂ ಆಗಿದ್ದ. ಚನ್ನವ್ವನಿಗೆ ಸಿಟ್ಟಿನ ಹಿಂದೆಯೇ ಒಂದು ಹಿಡಿತ ಸಿಕ್ಕಂತಾಯಿತು. ಸತ್ತ ಹಿಂಡಿನ ನಡುವೆ ಕುಳಿತು ಕಿವಿ ಕತ್ತರಿಸಿದವನು, ಹಿಂಡಿಗಾಗಿ ಅಣ್ಣನ ತಲೆಗೆ ಕಲ್ಲು ಎತ್ತಲಾರನೆ?

ಅಷ್ಟರಲ್ಲಿ ಒಳಗಿನಿಂದ ಯಾರೋ ನರಳಿದರು. "ನಮ್ಮ ಮನಿಯವರು" ಎಂದಳು ಸಂಗವ್ವ. "ಎತ್ತ ಬಿಚ್ಚಾಕ ಓಡಿದ್ರು. ತಲಿಗಿ ಕಲ್ಲ ಬಡೀತು. ದೀಪಾ ಹಚ್ಚೂತನಾ ಎಚ್ಚರಿರಲಿಲ್ಲ. ದೇವರ ದೊಡ್ಡಾಂವ, ಉಳದ್ರು. ಆದ್ರ ಎದ್ದ ಕುಂತರ ತಲಿ ತಿರಗತೈತಿ ಅಂತಾರ."

ಹೊರಸಿನ ಮೇಲೆ ಅವಳ ಗಂಡ ಗೊಲ್ಲಾಳಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮದ್ದು ಹಚ್ಚಲು ಹಿಂತಲೆ ಬೋಳಿಸಿದ್ದರು. ಚನ್ನವ್ವ ಬಾಗಿಲಲ್ಲೇ ನಿಂತು ನೋಡಿದಳು. ನೋಡಿದ್ದನ್ನು ನಂಬಲಾರದೆ ಒಳಗೆ ಹೋದಳು.

ಲಿಂಬೆಕಾಯಿ ಕೂಡುವಷ್ಟು ದುಂಡನೆಯ ತಗ್ಗು. ಸುತ್ತ ನೇರಳೆ, ಅಂಚಿಗೆ ಹಸಿರಿಗೆ ತಿರುಗಿದ ಬಣ್ಣ. ಚರ್ಮ ಎಲ್ಲಿಯೂ ಹರಿದಿರಲಿಲ್ಲ.

"ರಕ್ತ ಬಂತೇನ್ರಿ?" ಎಂದು ಕೇಳಿದಳು.

"ಒಂದ ಹನಿ ಇಲ್ಲ ನೋಡು. ನೆಲದಾಗಿನ ಕಲ್ಲಾದ್ರ ಹರೀತಿತ್ತ. ಇದು ಬರ್ಫ. ದುಂಡಗ, ನುಣ್ಣಗ. ಬಡದು ನೀರಾಗಿ ಹೋಗತೈತಿ."

ಲಗಮಣ್ಣನ ಅಂಗಿಯ ಮೇಲೂ ಒಂದು ಹನಿ ರಕ್ತವಿರಲಿಲ್ಲ. ಆರು ವರ್ಷ ಅವಳು ಕಲ್ಲನ್ನು, ಕಲ್ಲು ಹಿಡಿದ ಕೈಯನ್ನು ಕಣ್ಣ ಮುಂದೆ ತಂದುಕೊಂಡಿದ್ದಳು. ರಕ್ತ ಯಾಕಿರಲಿಲ್ಲ ಎಂಬುದನ್ನು ಮಾತ್ರ ಬಗೆಹರಿಸಲಾಗದೆ ಬದಿಗಿಟ್ಟಿದ್ದಳು. ಈಗ ಮುದುಕನ ತಲೆಯ ಮೇಲೆ, ಮುಟ್ಟದೆ, ಗಾಳಿಯಲ್ಲೇ ಕೈ ಹಿಡಿದು ಆ ತಗ್ಗಿನ ಅಳತೆ ನೋಡಿದಳು. ಬೆರಳುಗಳಿಗೆ ಅದು ನೆನಪಿತ್ತು.

ಅವತ್ತು ಅವಳು ಅಲ್ಲಿಯೇ ಉಳಿದಳು. ಮರುದಿನ ಮುಂಜಾನೆ ಕುರಿಗಳಿಗೆ ಮುಸುರೆ ಇಡುತ್ತಿದ್ದಾಗ ಅಮೋಗಸಿದ್ದ ಬಂದ. ಹಿಂದೆಯೇ ಹೊರಟಿರಬೇಕು. ಹೊಲದ ಅಂಚಿನಲ್ಲಿ ಅವಳನ್ನೂ ಕುರಿಗಳನ್ನೂ ಒಟ್ಟಿಗೆ ಕಂಡವನು ಓಡಿಹೋಗಬಹುದಿತ್ತು. ಓಡಲಿಲ್ಲ. ಬಂದು ನಾಲ್ಕು ಮಾರು ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ.

"ನನ್ನವು ಒಂದೂ ಉಳದಿರಲಿಲ್ಲ" ಎಂದ. "ನಿನ್ನವು ಉಳದಿದ್ವು. ನೋಡಿದೆ. ಕಾಲ ಕೂಡಿದ ಮ್ಯಾಲ ನನ್ನವಂತ ಮಾರಬೇಕಂತ ಕಿವಿ ಕತ್ತರಿಸಿದೆ. ಮತ್ತ ಏನ ಹೇಳಲಿ?"

"ನಾಚಿಕಿ ಬರಲಿಲ್ಲ?"

"ಕತ್ತರಿಸೂ ಮುಂದ ಬರಲಿಲ್ಲ. ಆಮ್ಯಾಲ ಬಂತು." ಅವನು ನೆಲ ಕೆರೆಯುತ್ತಿದ್ದ. "ನಾ ಕಳ್ಳ ಹೌದು ವೈನಿ. ಆದ್ರ ಅಣ್ಣನ್ನ ಕೊಂದಿಲ್ಲ."

ಆ ಮಾತನ್ನು ಆರು ವರ್ಷದಲ್ಲಿ ಅವಳು ಒಮ್ಮೆಯೂ ಬಾಯಿಂದ ಆಡಿರಲಿಲ್ಲ. "ಕೊಂದೀದಿ ಅಂತ ನಾ ಯಾವಾಗ ಅಂದೆ?"

"ದಿನಾ ಅಂತಿದ್ದಿ. ನನ್ನ ಕೈ ನೋಡಿ ನೋಡಿ ಅಂತಿದ್ದಿ. ನನಗ ಗೊತ್ತಾಗೂದಿಲ್ಲೇನು?"

ಚನ್ನವ್ವ ಮುಸುರೆಯ ಪಾತ್ರೆಯನ್ನು ಬದಿಗೆ ಸರಿಸಿದಳು. ಆಮೇಲೆ, "ಹಂಗಾರ ಹೇಳು" ಎಂದಳು. "ಅವತ್ತೇನಾತು ಹೇಳು. ಸಿಡ್ಲಂತ ಹೇಳಬ್ಯಾಡ."

"ಸಿಡ್ಲ ಅಲ್ಲ. ಮಳೀನೂ ಇರಲಿಲ್ಲ. ಗುಡುಗು, ಗಾಳಿ ಅಷ್ಟ. ಒಣಾ ಆಕಾಶದಾಗಿಂದ ಇಲ್ಲೊಂದು ಅಲ್ಲೊಂದು ಕಲ್ಲ ಬಿದ್ವು. ದೊಡ್ಡವು. ಅಣ್ಣನ ರುಮಾಲ ಗಾಳಿಗಿ ಹಾರಿತು. ಹಿಡೀಬೇಕಂತ ಓಡಿ ಬಗ್ಗಿದಾ. ಬಗ್ಗಿದಾಂವ ಏಳಲಿಲ್ಲ. ನಾ ಹೋಗಿ ತಲಿ ಎತ್ತೂದ್ರಾಗ ಬಾಜೂಕ ಬಿದ್ದ ಕಲ್ಲ ಅರ್ಧ ಕರಗಿತ್ತ."

"ಮತ್ತ ಯಾಕ ಸುಳ್ಳ ಹೇಳಿದಿ?"

"ಹಿಂದಿನ ದಿನಾ ನಾ ಏನ ಒದರಿದ್ದೆ, ಓಣಿ ಎಲ್ಲಾ ಕೇಳಿತ್ತ. ಮರದಿನಾ ತಲಿಗಿ ಪೆಟ್ಟಾದ ಅಣ್ಣನ್ನ ಹೊತ್ತಗೊಂಡ ಬಂದು, ಮಳಿ ಇಲ್ಲದ ಬರ್ಫ ಬಿದ್ದು ಸತ್ತಾ ಅಂದ್ರ ಯಾರ ನಂಬತಿದ್ರು? ನೀ ನಂಬತಿದ್ದೇನು? ಗುಡುಗ ಎಲ್ಲಾರೂ ಕೇಳಿದ್ರು. ಸಿಡ್ಲಂದ್ರ ನಂಬತಾರ ಅನಸಿತು. ಚಿಲುಮಿಗಿ ಹಚ್ಚಿದ ಕುಳ್ಳಿನ ಬೆಂಕಿ ಇತ್ತ, ಅದರಾಗ ಕಂಬಳಿ ಹಿಡದೆ." ಅವನು ಮೊದಲ ಸಲ ಮುಖವೆತ್ತಿದ. "ಈ ಸಲ ಖರೆ ಹೇಳಿದೆ. ಈ ಸಲಾನೂ ಯಾರೂ ನಂಬಲಿಲ್ಲ."

"ಅರ್ಧಾ ಖರೆ ಹೇಳಿದಿ" ಎಂದಳು ಚನ್ನವ್ವ.

ಅವಳು ಒಳಗೆ ಮಲಗಿದ್ದ ಗೊಲ್ಲಾಳಪ್ಪನ ತಲೆಯನ್ನು ನೋಡಿರದಿದ್ದರೆ ಇದೆಲ್ಲ ಹೊಸ ಕಟ್ಟುಕತೆ ಎಂದುಕೊಳ್ಳುತ್ತಿದ್ದಳು. ನೋಡಿದ್ದಳು. ಆರು ವರ್ಷ ಕೊಲೆಗಾರನೆಂದು ತಿಳಿದವನ ಕೈಯಲ್ಲಿ ತನ್ನ ಕುರಿ ಕೊಟ್ಟು ಬಾಳಿದ್ದಳು; ಈಗ ಅವನು ಬರಿ ಕಳ್ಳನಾಗಿ ಎದುರಿಗೆ ಕುಳಿತಿದ್ದ. ಕಳ್ಳನ ಮೇಲಿನ ಸಿಟ್ಟು ಸರಳವಾದದ್ದು, ಬೈದು ತೀರಿಸಬಹುದು. ಅವಳು ಬೈಯತೊಡಗಿದಳು. ಗಂಡ ಸತ್ತ ದಿನದಿಂದ ಎತ್ತರದ ದನಿಯಲ್ಲಿ ಮಾತಾಡದಿದ್ದವಳು ಅವನ ಹುಟ್ಟು, ಅವನ ಹೊಟ್ಟೆ, ಅವನ ಕತ್ತರಿ, ಒಂದನ್ನೂ ಬಿಡಲಿಲ್ಲ. ಬೈಯುತ್ತಿದ್ದಂತೆಯೇ ಅಳು ಬಂತು. ಲಗಮಣ್ಣ ರುಮಾಲಿನ ಹಿಂದೆ ಓಡಿ ಸತ್ತನೆಂಬುದಕ್ಕೆ ಅಳು ಬಂತು. ಸಂಗವ್ವ ಹೊರಗೆ ಬಂದವಳು ಏನೂ ಕೇಳದೆ ಅವಳ ಭುಜ ಹಿಡಿದು ಒಳಗೆ ಕರೆದೊಯ್ದಳು. ಅಮೋಗಸಿದ್ದ ಕುಳಿತಲ್ಲೇ ಕುಳಿತಿದ್ದ.

ಕುರಿಗಳು ಕಾಲೂರುವವರೆಗೆ ಚನ್ನವ್ವ ವಸ್ತಿಯಲ್ಲಿಯೇ ಇದ್ದಳು. ಸಂಗವ್ವನ ಜೊತೆ ಹೊಲದಲ್ಲಿ ದುಡಿದಳು. ಅಮೋಗಸಿದ್ದ ಚಪ್ಪರಕ್ಕೆ ಹೊಸ ಸೊಪ್ಪೆ ಹೊದಿಸಿಕೊಟ್ಟ. ಇಬ್ಬರೂ ಬೇಕಾದಷ್ಟೇ ಮಾತಾಡಿದರು. ಊರಿಗೆ ತಿರುಗಿದಾಗ ಅವನು ನಡೆಯಲಾರದ ಕುರಿಯನ್ನು ಹೆಗಲ ಮೇಲೆ ಹೊತ್ತು ಮುಂದೆ ನಡೆದ, ಅವಳು ಉಳಿದವನ್ನು ಹೊಡೆದುಕೊಂಡು ಹಿಂದೆ.

ಬಿಳೂರಿನಲ್ಲಿ ಬೀರದೇವರ ಗುಡಿಯ ಮುಂದೆ ಹಿರಿಯರು ಕೂಡಿದರು. ಚನ್ನವ್ವ ಎಲ್ಲರೂ ಕೇಳುವ ಹಾಗೆ ಎರಡು ಮಾತು ಹೇಳಿದಳು. "ಇಂವಾ ನನ್ನ ಕುರಿ ಕದ್ದಾನ. ನನ್ನ ಗಂಡನ್ನ ಕೊಂದಿಲ್ಲ." ಎರಡನೆಯ ಮಾತಿಗೆ ಜನ ಬೆಚ್ಚಿದರು. ಅಂಥದೊಂದು ಮಾತನ್ನು ಊರಲ್ಲಿ ಯಾರೂ ಎಂದೂ ಆಡಿರಲಿಲ್ಲ, ಆದರೆ ಒಬ್ಬರಿಗೂ ಅದು ಹೊಸದೆನಿಸಲಿಲ್ಲ. ಅಮೋಗಸಿದ್ದ ದೇವರ ಭಂಡಾರದ ಅರಿಸಿನ ಮುಟ್ಟಿ ಎರಡೂ ಖರೆ ಎಂದ, ಅಣ್ಣನ ತಲೆಗೆ ಆಣೆಕಲ್ಲು ಬಿದ್ದದ್ದನ್ನೂ ಹೇಳಿದ. ಕಳ್ಳತನವನ್ನು ಎಲ್ಲರೂ ತಟ್ಟನೆ ನಂಬಿದರು. ಆಣೆಕಲ್ಲನ್ನು ಅರ್ಧ ಜನ ಆಮೇಲೂ ನಂಬಲಿಲ್ಲ.

"ನನಗ ಇದ್ಯಾವುದೂ ಗೊತ್ತಿರಲಿಲ್ಲ ಅಕ್ಕಾ" ಎಂದಳು ದುಂಡವ್ವ, ಮನೆಗೆ ಬಂದ ಮೇಲೆ. ಚನ್ನವ್ವ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಗೊತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. "ಇರಲಿ ಬಿಡು" ಎಂದಳು.

ಅಂದಿನಿಂದ ಚನ್ನವ್ವ ತನ್ನ ಕುರಿಗಳನ್ನು ತಾನೇ ಕಾಯತೊಡಗಿದಳು. ಅಮೋಗಸಿದ್ದ ಬೇರೆಯವರ ಹಿಂಡಿಗೆ ಆಳಾಗಿ ನಿಂತ. ಮೃಗಶಿರೆ ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಒಂದು ದಿನ ಅವಳು ಅಂಗಳದಲ್ಲಿ ಅವನನ್ನು ನಿಲ್ಲಿಸಿ, "ನಿಮ್ಮಣ್ಣ ಬಿದ್ದ ಜಾಗಾ ತೋರಸು" ಎಂದಳು. ಇಷ್ಟು ವರ್ಷ ಅವಳು ಆ ಮರಡಿಗೆ ಕಾಲಿಟ್ಟಿರಲಿಲ್ಲ. ಒಬ್ಬಳೇ ಹೋಗಲು ಜಾಗ ಗೊತ್ತಿರಲಿಲ್ಲ, ಅವನೊಡನೆ ಒಬ್ಬಳೇ ಹೋಗಲು ಧೈರ್ಯವಿರಲಿಲ್ಲ.

ಅವನು ಕರೆದೊಯ್ದ. ಮರಡಿಯ ಮೇಲೆ ಒಂದು ಕುರುಚಲು ಗಿಡದ ಹತ್ತಿರ ನಿಂತು ಬೆರಳು ತೋರಿಸಿದ. ಅಲ್ಲಿ ಗರಸು ಮಣ್ಣು, ಮೊಳಕೆಯೊಡೆದ ಹುಲ್ಲು, ಮತ್ತೇನೂ ಇರಲಿಲ್ಲ. ಚನ್ನವ್ವ ಕುಳಿತಳು. ಅವನು ಸ್ವಲ್ಪ ಆಚೆ, ಅವಳ ಬೆನ್ನ ಹಿಂದೆ ಕುಳಿತ. ಅವನು ಬೆನ್ನ ಹಿಂದೆ ಇದ್ದಾನೆಂದು ಈಗ ಅವಳಿಗೆ ಅಂಜಿಕೆಯಾಗಲಿಲ್ಲ, ತಿರುಗಿಯೂ ನೋಡಲಿಲ್ಲ. ಕುರಿಗಳು ಸುತ್ತ ಮೇಯ್ದವು. ಹೊತ್ತು ಇಳಿಯುತ್ತಲೇ ಅವಳು ಎದ್ದು ಸೆರಗು ಕೊಡವಿ, ಕುರಿ ಕೂಗಿದಳು. ಅವಳು ಹಳ್ಳದ ದಾರಿಯಿಂದ ಊರಿಗೆ ಇಳಿದಳು, ಅವನು ಬಂಡಿಯ ದಾರಿಯಿಂದ.